ಸ್ವೆಟರ್ ಲೆಕ್ಕದಲ್ಲಿ ಅಂಡಮಾನ್

ನಮ್ಮ ಆಫೀಸಿನಲ್ಲಿ ಯಾರಾದರೂ ಪ್ರವಾಸ ಅಂತ ಬಾಯಿ ಬಿಟ್ಟರೆ ಸಾಕು, ಫೈಲುಗಳೆಲ್ಲ ಮುಚ್ಚಿಕೊಂಡು ಒಂದಲ್ಲ ಒಂದು ತಮಾಷೆ ನಡೆದೇ ತೀರುತ್ತದೆ. ಈ ಸಲ ಬಾಯಿ ಬಿಟ್ಟವನು ನಾನೇ.

ಬರುವ ಜನವರಿಗೆ ನನಗೆ ನಿವೃತ್ತಿ. ಸರ್ಕಾರ ಟಿಕೆಟ್ ಖರ್ಚು ಕೊಡುವ ಎಲ್‌ಟಿಸಿ ಉಳಿದಿದ್ದುದು ಇನ್ನೊಂದೇ ಸಲ. ಇಷ್ಟು ವರ್ಷ ಅದೆಲ್ಲ ದಾವಣಗೆರೆಯ ಮದುವೆ, ಮುಂಜಿ, ನಾಮಕರಣಗಳಿಗೇ ಖರ್ಚಾಯಿತು. ನನ್ನ ಹೆಂಡತಿ ಅಲ್ಲಿಯವರೆಗೂ ಸಮುದ್ರ ನೋಡಿರಲಿಲ್ಲ. ಈ ಸಲ ಅಂಡಮಾನೇ ಆಗಬೇಕು ಅಂತ ಹಟ ಹಿಡಿದಳು. ಟಿಕೆಟ್ ಸರ್ಕಾರದ್ದಾದರೂ ಹೋಟೆಲ್ ನಮ್ಮದೇ. ಅದು ಯಾವ ತಿಂಗಳು ಅಗ್ಗ ಅಂತ ತಿಳಿಯುವ ಹುಳ ನನ್ನ ತಲೆ ಹೊಕ್ಕಿತು.

ಏಪ್ರಿಲ್ ಸ್ವೆಟರ್

ಮೊದಲು ಕೇಳಿದ್ದು ಹೆಂಡತಿಯನ್ನೇ. ಡೆಲ್ಲಿಯ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಿಂದ ಅವಳು ಸರೋಜಿನಿ ನಗರದ ಮಾರ್ಕೆಟ್ಟಿಗೆ ಸ್ವೆಟರ್ ತರಲು ಹೋಗುವುದು ಏಪ್ರಿಲ್ ಬಿಸಿಲಿನಲ್ಲಿ. ಅಂಗಡಿಯ ಭಯ್ಯಾ ಮೊದಲು ಅವಳಿಗೆ ನೀರು ಕೊಟ್ಟು, ಆಮೇಲೆ ಸ್ವೆಟರ್ ತೋರಿಸುತ್ತಾನೆ. ಯಾರಿಗೂ ಬೇಡವಾದಾಗ ಕೊಳ್ಳಬೇಕು, ಅಂಡಮಾನಿಗೂ ಅದೇ ಲೆಕ್ಕ ಅಂದಳು. ಹಾಗಾದರೆ ಮಳೆಗಾಲದ ಜುಲೈ.

ಆ ತಿಂಗಳು ಜನ ಯಾಕೆ ಹೋಗುವುದಿಲ್ಲ ಅಂತ ನಾವು ಯೋಚಿಸಬೇಡವೇ ಅಂದೆ.

"ಸ್ವೆಟರ್ ತಂದಾಗ ಅದನ್ನೇನಾದ್ರೂ ಕೇಳಿದ್ರಾ? ಸುಮ್ನೆ ಹಾಕ್ಕೊಂಡ್ರಲ್ಲ" ಅಂದಳು.

ನೋಡಿದಷ್ಟೂ ಏರುವ ರೇಟು

ನನಗೆ ಸಮಾಧಾನವಾಗಲಿಲ್ಲ. ಹನ್ನೆರಡು ತಿಂಗಳ ಹೋಟೆಲ್ ರೇಟನ್ನೂ ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ನೋಡತೊಡಗಿದೆ. ಯಾಕೋ ಏರುತ್ತಲೇ ಇತ್ತು. ಮಗಳು, "ಪಪ್ಪಾ, ನೀವು ಬಾರ್ ಬಾರ್ ನೋಡ್ತೀರಲ್ಲಾ, ಇಸೀಲಿಯೇ ಜಾಸ್ತಿ ಆಗ್ತಿದೆ" ಅಂತ ಬೈದಳು.

ಸರಿ, ಆಫೀಸಿನ ಪಕ್ಕದ ಮೇಜಿನವನಿಗೆ ಅವನ ಫೋನಿನಲ್ಲಿ ನೋಡಲು ಹೇಳಿದೆ. ಅವನು ಕಾನ್ಪುರದವನು, ಭಾರಿ ಉಪಕಾರಿ. ನೋಡಿದ. ಮತ್ತೆ ನೋಡಿದ. ಊಟದ ಡಬ್ಬಿ ಮುಚ್ಚಿಟ್ಟು ನೋಡಿದ. ಸಂಜೆ ಏನಾಯಿತಪ್ಪಾ ಅಂದರೆ, ರೇಟು ಹೇಳುವುದು ಬಿಟ್ಟು, ಅಲ್ಲಿ ಬೆಳಗಿನ ತಿಂಡಿಗೆ ಪರಾಠಾ ಸಿಗುತ್ತದೆ ಅಂದ.

ಸುಬೇದಾರರ ಸಲಹೆ

ಮಯೂರ್ ವಿಹಾರಿನಲ್ಲಿ ನಮಗೆ ಪರಿಚಯದ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಕೊಡಗಿನವರು, ಅಂಡಮಾನಿನಲ್ಲಿ ಮೂರು ವರ್ಷ ಇದ್ದವರು. ಇವರಿಗಿಂತ ಬಲ್ಲವರು ಯಾರು ಅಂತ ಭಾನುವಾರ ಮೆಟ್ರೋ ಹತ್ತಿದೆ. ಯಾವ ತಿಂಗಳು ಅಗ್ಗ ಸಾರ್ ಅಂತ ಕೇಳಿದರೆ, ತಮ್ಮನ್ನು ಸೇನೆಯೇ ಕಳಿಸಿ, ಅದೇ ವಾಪಸ್ ಕರೆಸಿಕೊಂಡದ್ದರಿಂದ ರೇಟು ಗೊತ್ತಿಲ್ಲ ಅಂದರು. ಹೋಗಲಿ, ಜುಲೈನಲ್ಲಿ ಸಮುದ್ರ ನೋಡಬಹುದೇ ಅಂದೆ. ಹೆಂಡತಿಗೆ ಅದೊಂದು ಸಿಕ್ಕರೆ ಸಾಕಾಗಿತ್ತು.

ಅವರು ಕಾಫಿ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ನೋಡಬಹುದು. ನೀವು ಹೋಗಬೇಕಾದ್ದೂ ಇಲ್ಲ, ಅದೇ ನಿಮ್ಮ ರೂಮಿಗೆ ಬರ್ತದೆ."

ಹಿತೈಷಿ

ಕಾನ್ಪುರದವನಿಗೆ ನಮ್ಮ ಜುಲೈ ಯೋಚನೆ ಹೇಳಿದಾಗ ಅವನು ಗಾಬರಿಯಾದ. ಜುಲೈ ಮಾತ್ರ ಬೇಡ, ಹಡಗು ನಿಲ್ಲಿಸಿಬಿಡುತ್ತಾರೆ, ಭಾಭೀಜಿಗೆ ನೆಗಡಿಯಾಗುತ್ತದೆ ಅಂತ ಕೈ ಹಿಡಿದು ಬೇಡಿಕೊಂಡ. ಇಡೀ ಸೆಕ್ಷನ್ನಿಗೂ ಇದನ್ನೇ ಸಾರಿದ. ಇಷ್ಟು ಕಳಕಳಿಯವನನ್ನು ನೋಯಿಸುವುದು ಬೇಡವೆಂದು, ಊರಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಎಲ್ಲಕ್ಕಿಂತ ಅಗ್ಗವಾಗಿದ್ದ ಜುಲೈಗೇ ಬುಕ್ ಮಾಡಿದೆ. ಅವನೂ ಅದೇ ವಾರ ರಜೆ ಹಾಕಿದ. ಅತ್ತೆಯ ಕಣ್ಣಿನ ಆಪರೇಷನ್ನಂತೆ.

ಅಂಡಮಾನಿನಲ್ಲಿ ಮೊದಲ ಎರಡು ದಿನ ಜಡಿಮಳೆ. ಕಿಟಕಿಯಾಚೆ ಬರೀ ಬೆಳ್ಳಗೆ. ಸಮುದ್ರ ಎಲ್ಲಿ, ಆಕಾಶ ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ಹೆಂಡತಿ ಕಿಟಕಿಯ ಗಾಜು ಒರೆಸುತ್ತಲೇ ಇದ್ದಳು. ಅಗ್ಗದ ಆಸೆಗೆ ಇವಳ ಒಂದೇ ಒಂದು ಆಸೆ ಹಾಳು ಮಾಡಿದೆನಲ್ಲಾ ಅಂತ ನನ್ನನ್ನು ನಾನೇ ಬೈದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಅವಳು ಚಪ್ಪಲಿಯನ್ನೂ ಹಾಕದೆ ಓಡಿದಳು. ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು, "ಇಷ್ಟು ದೊಡ್ಡದಾ ಇದು?" ಅಂದಳು. ನನ್ನ ಕಣ್ಣು ಒದ್ದೆಯಾಯಿತು.

ಇಡೀ ದಂಡೆ ನಮ್ಮದೇ ಅನ್ನುವಷ್ಟು ಖಾಲಿ. ದೂರದಲ್ಲಿ ಒಂದೇ ಒಂದು ಸಂಸಾರ. ಗಂಡಸು ಚಡ್ಡಿಯಲ್ಲಿದ್ದ, ಕೈಯಲ್ಲಿ ಪರಾಠಾ. ಹತ್ತಿರ ಹೋಗಿ ನೋಡಿದರೆ ನಮ್ಮ ಹಿತೈಷಿ! ಪಕ್ಕದಲ್ಲಿ ಅವನ ಅತ್ತೆ, ಎರಡೂ ಕಣ್ಣು ಚೆನ್ನಾಗಿಯೇ ಬಿಟ್ಟುಕೊಂಡು ಸಮುದ್ರ ನೋಡುತ್ತಿದ್ದರು.

ಎಲ್ಲರೂ ಬಂದರೆ ರೇಟು ಏರುತ್ತದಲ್ಲಾ ಭಾಯಿ ಅಂತ ಅವನು ತಲೆ ಕೆರೆದುಕೊಂಡ. ಸ್ನೇಹಿತರಿಗೆ ಯಾರಾದರೂ ಹೀಗೆ ಸುಳ್ಳು ಹೇಳುತ್ತಾರಾ ಅಂತ ನನ್ನ ಹೆಂಡತಿ ಅವನಿಗೆ ಹಿಂದಿಯಲ್ಲಿ ಚೆನ್ನಾಗಿ ಮಂಗಳಾರತಿ ಎತ್ತಿದಳು. ಆಮೇಲೆ ಹೋಟೆಲಿನವನ ಹತ್ತಿರ ಮುಂದಿನ ಜುಲೈನ ರೇಟು ಕೇಳಿ ಬಂದಳು.

ಡೆಲ್ಲಿಗೆ ಬಂದ ದಿನವೇ ದಾವಣಗೆರೆಯಿಂದ ಅವಳ ತಂಗಿಯ ಫೋನ್. ಅವರೂ ಅಂಡಮಾನಿಗೆ ಹೊರಟಿದ್ದಾರಂತೆ, ಯಾವ ತಿಂಗಳು ಒಳ್ಳೆಯದು ಅಂತ ಕೇಳಿದಳು.

"ಯಾವಾಗಾದ್ರೂ ಹೋಗು ಕಣೇ," ಅಂದಳು ಇವಳು, "ಜುಲೈ ಮಾತ್ರ ಬೇಡ. ನೆಗಡಿಯಾಗುತ್ತೆ."