ಎರಡು ಕಾರಿನ ಪಿಕಪ್ಪು ಮತ್ತು ನನ್ನ ನಾಲಿಗೆ

ನಿಂತ ಕಾರು ನೂರರ ವೇಗ ಮುಟ್ಟಲು ಎಷ್ಟು ಹೊತ್ತು ಬೇಕು, ಅಂದರೆ ಅದರ ಪಿಕಪ್ಪು ಎಷ್ಟು ಎಂಬ ವಿಷಯದಲ್ಲಿ ಬೀದರ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಸತ್ಯ. ಬೀದರದಲ್ಲಿ ನನಗೆ ಪೈಪು, ನೀರಿನ ಮೋಟಾರು ಮಾರುವ ಅಂಗಡಿಯಿದೆ. ಗಿರಾಕಿ ಬಂದರೆ ಐದು ಎಚ್‌ಪಿ ಮೋಟಾರು ತೋರಿಸುತ್ತೇನೆ, ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಐನೂರು ಎಚ್‌ಪಿ ಸ್ಪೋರ್ಟ್ಸ್ ಕಾರು ನೋಡುತ್ತೇನೆ. ನನ್ನ ಸ್ವಂತ ವಾಹನ ಒಂದು ಸ್ಕೂಟರು. ಅದರ ಮಾತು ಬೇಡ.

ಈ ಹುಚ್ಚಿಗೆ ಕಾರಣವಿದೆ. ನಾನು ಬೆಳೆದದ್ದು ಔರಾದದಲ್ಲಿ. ಅಲ್ಲಿ ರೈಲಿಲ್ಲ, ಬಸ್ಸೇ ಗತಿ. ಬಸ್ಸು ಬರಬೇಕು, ಡ್ರೈವರು ಚಹಾ ಕುಡಿಯಬೇಕು, ಕಂಡಕ್ಟರು ಯಾರನ್ನೋ ಕೂಗಿ ಕರೆಯಬೇಕು, ಆಮೇಲೆ ಬಸ್ಸು ನಾಲ್ಕು ಸಲ ಕೆಮ್ಮಿ ಹೊರಡಬೇಕು. ಕಾಲೊತ್ತಿದ ಕೂಡಲೇ ಹಾರುವ ಗಾಡಿಯಲ್ಲಿ ಒಂದೇ ಒಂದು ಸಲ, ಬೆನ್ನು ಸೀಟಿಗೆ ಅಂಟಿಕೊಳ್ಳುವಂತೆ ಹೋಗಬೇಕು ಎಂಬ ಆಸೆ ಆಗಲೇ ಹುಟ್ಟಿತ್ತು. ತಲೆಗೂದಲು ಹಣ್ಣಾದರೂ ಆಸೆ ಹಣ್ಣಾಗಲಿಲ್ಲ.

ಕಡೆಗೂ ದೇವರು ಕಣ್ಣು ತೆರೆದ. ಭಾಲ್ಕಿಯಲ್ಲಿ ಮಾವನವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಹೈದರಾಬಾದಿನಲ್ಲಿ ಕಂತ್ರಾಟು ಮಾಡುವ ನನ್ನ ಹೆಂಡತಿಯ ತಮ್ಮ ಅನಿಲ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಬಂದ. ಅವನ ಪುಣೆಯ ಗೆಳೆಯ ಸಂದೀಪ ಹಳದಿಯದರಲ್ಲಿ ಬಂದ. ನಾನು ವರ್ಷಗಟ್ಟಲೆ ಹೋಲಿಸಿ ಹೋಲಿಸಿ ಕಣ್ಣು ಕೆಡಿಸಿಕೊಂಡ ಅವೇ ಎರಡು ಮಾಡೆಲ್ಲು, ಎರಡರಲ್ಲೂ ಓಡಿಸುವವನ ಪಕ್ಕ ಒಂದೇ ಸೀಟು!

ಮಾವನವರು ಎರಡನ್ನೂ ಒಂದು ಸುತ್ತು ಹಾಕಿ ನೋಡಿದರು. “ಎವರೇಜ್ ಎಷ್ಟು ಕೊಡ್ತದ?”

“ಅದನ್ನ ಕೇಳಬಾರದ್ರಿ ಮಾವನವರ. ಪಿಕಪ್ ಕೇಳಬೇಕು. ಕೆಂಪುದು ಹಳದಿಗಿಂತ ಅರ್ಧ ಸೆಕೆಂಡ್ ಚುರುಕು,” ಎಂದೆ.

ಸಂದೀಪನಿಗೆ ಸಿಟ್ಟು ಬಂತು. ಅನಿಲ ಮೀಸೆ ತಿರುವಿದ. ನಾನು ತಕ್ಷಣ ಪಂಚಾಯ್ತಿಕಟ್ಟೆಯ ಗಾಂಭೀರ್ಯದಿಂದ ತೀರ್ಪು ಕೊಟ್ಟೆ: ಮನೆಯ ಹಿಂದೆ ಮಾವನವರೇ ಹಾಕಿಸಿದ ಪ್ಲಾಟುಗಳಿವೆ, ಇನ್ನೂ ಒಂದು ಮನೆಯೂ ಎದ್ದಿಲ್ಲ, ನೆಟ್ಟನೆಯ ರಸ್ತೆ ಖಾಲಿ ಬಿದ್ದಿದೆ. ಊಟವಾದ ಮೇಲೆ ಅಲ್ಲೇ ಪರೀಕ್ಷೆ ಆಗಲಿ. ಕೆಂಪು ಕಾರಿನಲ್ಲಿ ಅನಿಲನ ಪಕ್ಕ ಪರೀಕ್ಷಕನಾಗಿ ನಾನು ಕೂರುತ್ತೇನೆ!

ಭಾರ ಹೆಚ್ಚಾದರೆ ವೇಗ ತಗ್ಗೀತೆಂದು ಎರಡೇ ಹೋಳಿಗೆ ತಿಂದೆ. ಹೆಂಡತಿ ಸುವರ್ಣಾ ಗಾಬರಿಯಾದಳು.

“ಮೈಯಾಗ ಆರಾಮ ಇಲ್ಲೇನ್ರಿ?”

“ಎಲ್ಲಾ ಆರಾಮ ಅದ. ಇವತ್ತು ನನ್ನ ಜನ್ಮ ಸಾರ್ಥಕ ಆಗೋದದ.”

“ಹೌದೇನ್ರಿ? ಲಗ್ನದ ದಿನಾ ಆಗಿತ್ತು ಅಂತ ತಿಳ್ಕೊಂಡಿದ್ದೆ!”

ಇಡೀ ಮನೆಯೇ ನಮ್ಮ ಹಿಂದೆ ಪ್ಲಾಟಿಗೆ ಬಂತು. ಅನಿಲ ಕೆಂಪು ಕಾರಿನ ಬಾಗಿಲು ತೆಗೆದ. ಒಂದು ಕಾಲು ಒಳಗಿಟ್ಟೆ. ಪಕ್ಕದಲ್ಲಿ ಸುವರ್ಣಾಳ ಮೌಶಿ, ಅಂದರೆ ಚಿಕ್ಕಮ್ಮ, ಗಂಗಾಬಾಯಿ ನಿಂತಿದ್ದರು. ನಾನು ಅಂದುಬಿಟ್ಟೆ: “ಬರ್ರಿ ಮೌಶಿ, ನೀವು ಕೂಡ್ರಿ.”

ಇಲ್ಲಿ ನಮ್ಮ ಕಡೆಯ ರಿವಾಜು ಹೇಳಬೇಕು. ಊಟಕ್ಕೆ ಕೂತವನು ಎದುರು ಬಂದವರಿಗೆ ‘ಬರ್ರಿ, ಊಟ ಮಾಡ್ರಿ’ ಎನ್ನಬೇಕು, ಬಂದವರು ‘ನಿಮ್ದಾಗ್ಲಿ’ ಎನ್ನಬೇಕು. ಗಾಡಿ ಹತ್ತುವವನು ‘ನೀವು ಕೂಡ್ರಿ’ ಎನ್ನಬೇಕು, ನಿಂತವರು ‘ಇರ್ಲಿ, ನೀವು ನಡೀರಿ’ ಎನ್ನಬೇಕು. ಮೊದಲನೇ ಸಲ ಕರೆಯುವುದು ಬರೀ ಮರ್ಯಾದೆ, ಮೊದಲನೇ ಸಲ ಒಲ್ಲೆ ಎನ್ನುವುದೂ ಬರೀ ಮರ್ಯಾದೆ. ನಿಜವಾಗಿ ಕರೆಯುವವನು ಮತ್ತೆ ಮತ್ತೆ ಕರೆಯುತ್ತಾನೆ. ಇದು ಹುಟ್ಟಿದ ಕೂಸಿಗೂ ಗೊತ್ತು.

ಮೌಶಿಗೆ ಮಾತ್ರ ಆ ಕ್ಷಣ ಮರೆತುಹೋಯಿತು. “ಆಯ್ತಪ್ಪ, ನೀ ಇಷ್ಟು ಅಂತಿ ಅಂದ ಮ್ಯಾಲ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಚಪ್ಪಲಿ ರಸ್ತೆಯಲ್ಲೇ ಬಿಟ್ಟು, ಕಾರಿಗೆ ಕೈಮುಗಿದು, ಒಳಗೆ ಇಳಿದು ಕೂತೇಬಿಟ್ಟರು!

ಹೋಗಲಿ, ಹಳದಿಯದೊಂದು ಇದೆಯಲ್ಲ ಎಂದು ಓಡಿದೆ. ಸಂದೀಪ ನಗುತ್ತ ಬಾಗಿಲು ತೆಗೆದ. ಅಲ್ಲಿ ಮಾವನವರು ಕೋಲೂರಿ ನಿಂತಿದ್ದರು. ಬಾಯಿ ಮುಚ್ಚಿಕೋ ಎಂದು ನನಗೆ ನಾನೇ ಹೇಳಿಕೊಂಡೆ. ಹಲ್ಲು ಕಚ್ಚಿದೆ. ಆದರೆ ಹಿರಿಯರ ಮುಂದೆ ಸೀಟು ಹಿಡಿಯುವುದು ಹೇಗೆ? ನಾಲಿಗೆ ತಾನಾಗಿಯೇ ಅಂದಿತು: “ನೀವು ಕೂಡ್ರಿ ಮಾವನವರ.”

ಅವರು ಮೌಶಿಯತ್ತ ನೋಡಿದರು. “ಆಕಿ ಕೂತಾಳ, ನಾ ಯಾಕ ಬಿಡ್ಲಿ?” ಎಂದು ಅವರೂ ಚಪ್ಪಲಿ ಬಿಟ್ಟರು.

ಹೀಗೆ ಪರೀಕ್ಷಕನಾದ ನಾನು ಎರಡು ಜೊತೆ ಚಪ್ಪಲಿ ಕಾಯುತ್ತ, ಹೆಗಲ ಮೇಲಿನ ಟವೆಲ್ಲು ಬೀಸಿ ಪಂದ್ಯ ಶುರು ಮಾಡಿದೆ. ಎರಡೂ ಕಾರುಗಳು ಗರ್ಜಿಸಿ ಹಾರಿದವು. ಬಾಯ್ತುಂಬ ಧೂಳು. ಆ ಧೂಳಿನಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಒಬ್ಬರಿಗೂ ಕಾಣಲಿಲ್ಲ.

ತಿರುಗಿ ಬಂದಾಗ ಮೌಶಿಯ ಮುಖ ಕೆಂಪಗೆ ಹೊಳೆಯುತ್ತಿತ್ತು. “ಏನ್ ಹೇಳ್ಲಿ! ಬೆನ್ನು ಸೀಟಿಗಿ ಅಂಟೇ ಬಿಡ್ತು ನೋಡು! ಜೀವಾ ಹಿಂದ ಉಳೀತು, ನಾ ಮುಂದ ಹೋದೆ!”

“ಯಾವುದು ಮುಂದ ಬಂತು ಮೌಶಿ?”

“ಯಾರಿಗ್ಗೊತ್ತು? ಕಣ್ಣು ಮುಚ್ಚಿ ಬಸವಣ್ಣನ ನೆನೆಸ್ಲಿಕತ್ತಿದ್ದೆ.”

ನನ್ನ ಜನ್ಮದ ಆಸೆ ಮೌಶಿಗೆ ಕಣ್ಣು ಮುಚ್ಚಿಕೊಂಡೇ ತೀರಿತ್ತು. ನಗಲು ನೋಡಿದೆ. ಬರಲಿಲ್ಲ, ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಂಡೆ. ಇನ್ನೊಂದು ಸುತ್ತು ಎನ್ನುವಷ್ಟರಲ್ಲಿ ಸಂದೀಪ ದೂರದ ದಾರಿ ಎಂದು ಹೊರಟುಬಿಟ್ಟ. ಅನಿಲ ಚಹಾಕ್ಕೆ ಒಳಗೆ ಹೋದ.

ಸುವರ್ಣಾ ತವರಲ್ಲೇ ಉಳಿದಳು. ನಾನೊಬ್ಬನೇ ಬೀದರಕ್ಕೆ ಹೋಗಲು ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಬಂದು ನಿಂತೆ. ಆಗ ಕೆಂಪು ಕಾರು ನನ್ನ ಮುಂದೆಯೇ ನಿಂತಿತು! ಗಾಜು ಇಳಿಯಿತು.

“ಮಾಮಾ, ಬೀದರ ಮ್ಯಾಲಿಂದೇ ಹೈದರಾಬಾದಿಗಿ ಹೊಂಟೀನಿ. ಬರ್ರಿ, ಬಿಡ್ತೇನಿ.”

ಕೈ ಬಾಗಿಲ ಹಿಡಿಯತ್ತ ಹೋಯಿತು. ಬಾಯಿ ಮಾತ್ರ, ಅಪ್ಪ ಅಜ್ಜ ಕಲಿಸಿದ ಬಾಯಿ, ಹೇಳಿತು: “ಇರ್ಲಿ ಬಿಡಪ್ಪ, ನಿನಗ್ಯಾಕ ತ್ರಾಸ? ನೀ ನಡಿ.”

ಎರಡನೇ ಸಲ ಕರೆಯಲಿ ಎಂದು ಮುಗುಳ್ನಗುತ್ತ ನಿಂತೆ.

“ಆಯ್ತು ಮಾಮಾ,” ಎಂದ ಅನಿಲ.

‘ಏ, ನಿಲ್ಲೋ’ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಕಾರು ತಿರುವು ದಾಟಿತ್ತು. ನಿಜಕ್ಕೂ ಅದರ ಪಿಕಪ್ಪು ಅದ್ಭುತ.

ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕರೊಬ್ಬರು ಕೇಳಿದರು: “ಯಾರ್ರಿ ಅವ್ರು?”

“ನಮ್ಮ ಮನಿಯಾಕಿ ತಮ್ಮ.”

“ಮತ್ತ, ಕರೀಲಿಲ್ಲೇನ್ರಿ?”

“ಕರದಾನ್ರಿ. ನಾನೇ ಒಲ್ಲೆ ಅಂದೆ.”

ಇಷ್ಟು ದೊಡ್ಡ ಸತ್ಯವನ್ನು ಇಷ್ಟು ಸಂಕಟಪಟ್ಟು ನಾನು ಯಾವತ್ತೂ ಹೇಳಿರಲಿಲ್ಲ.