ಬೆಲೆಚೀಟಿ ಮಗುಚಿಡುತ್ತಿದ್ದ ಅತ್ತಿಗೆ

ಸಾನ್ವಿ, ಅಥರ್ವ, ಮೊನ್ನೆ ನಿಮ್ಮ ಅಪ್ಪ ಸೋಫಾದಲ್ಲಿ ಒರಗಿಕೊಂಡು ಮೊಬೈಲಿನ ಮೇಲೆ ಬೆರಳಾಡಿಸಿ ಹೊಸ ಕಾರು ಬುಕ್ ಮಾಡಿದ್ದನ್ನು ನೋಡಿದೆ. ಬೆಲೆ ಇಷ್ಟು ಎಂದು ಪರದೆಯ ಮೇಲೆ ಬಂತು, ಅವನು ಸರಿ ಎಂದು ಒತ್ತಿದ, ಮುಗಿಯಿತು. ಇದೂ ಒಂದು ಕಾರು ಕೊಳ್ಳುವುದೇ? ಯಾರೂ ಸಿಟ್ಟಾಗಿ ಎದ್ದು ಹೋಗಲಿಲ್ಲ, ಯಾರೂ ಹಿಂದಿನಿಂದ ಓಡಿ ಬಂದು ಕರೆಯಲಿಲ್ಲ, ಯಾರ ಹಣೆಯ ಮೇಲೂ ಬೆವರು ಕಾಣಿಸಲಿಲ್ಲ! ನಿಮ್ಮ ಅಜ್ಜನ ಅಕ್ಕ ಇದ್ದಿದ್ದರೆ ಇದನ್ನು ವ್ಯಾಪಾರ ಎಂದು ಒಪ್ಪುತ್ತಲೇ ಇರಲಿಲ್ಲ.

ಅವರನ್ನು ನೀವು ನೋಡಿಲ್ಲ. ನನಗೆ ಅವರು ಅತ್ತಿಗೆ. ಠಾಣೆಯ ಕೋಪರಿಯಲ್ಲಿ ಸ್ಟೇಷನ್ನಿಗೆ ಹತ್ತಿರ ಮನೆ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಸ್ವಂತ ಕಾರು ಇರಲಿಲ್ಲ, ಬೇಕೆಂಬ ಆಸೆಯೂ ಇರಲಿಲ್ಲ. ಹಾಗಿದ್ದರೂ ಆ ಕಾಲದಲ್ಲಿ ಠಾಣೆಯಿಂದ ವಾಶಿಯವರೆಗೆ ಯಾವ ಕಾರು ಶೋರೂಮಿನವರೂ ಅವರನ್ನು ಕಂಡರೆ ಚಹಾ ತರಿಸದೆ ಬಿಡುತ್ತಿರಲಿಲ್ಲ. ಪ್ರೀತಿಯಿಂದ ಅಂದುಕೊಂಡಿರಾ? ಭಯದಿಂದ! ನಮ್ಮ ಪರಿಚಯದ ಕನ್ನಡದವರು ಯಾರು ಕಾರು ಕೊಳ್ಳಲು ಹೊರಟರೂ ಮೊದಲು ಮುಹೂರ್ತ ಕೇಳುತ್ತಿದ್ದರು, ಆಮೇಲೆ ಅತ್ತಿಗೆಗೆ ಪುರುಸೊತ್ತಿದೆಯೇ ಎಂದು ಕೇಳುತ್ತಿದ್ದರು. ಅತ್ತಿಗೆಗೆ ಪುರುಸೊತ್ತಿಲ್ಲದಿದ್ದರೆ ಮುಹೂರ್ತವೇ ಮುಂದೆ ಹೋಗುತ್ತಿತ್ತು.

ನನಗೂ ಒಮ್ಮೆ ಅವರು ಬೇಕಾದರು. ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಡೊಂಬಿವಲಿಯ ಮನೆಯಲ್ಲೇ ಆಫೀಸಿನವರಿಗೆ ಊಟದ ಡಬ್ಬಿ ಮಾಡಿ ಕಳಿಸುತ್ತಿದ್ದೆ. ಐರೋಲಿಯ ಒಂದು ಕಂಪನಿಯವರು ತಮ್ಮ ಎಲ್ಲ ಜನರ ಊಟದ ಗುತ್ತಿಗೆ ನನಗೇ ಕೊಡಲು ಒಪ್ಪಿದರು. ಆದರೆ ಸ್ವಂತ ಗಾಡಿ ಇರಬೇಕು, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಊಟ ಹೊತ್ತಿಗೆ ಸರಿಯಾಗಿ ಬರಬೇಕು ಎಂದರು. ಆ ಗುತ್ತಿಗೆ ಸಿಕ್ಕಿದರೆ ನಿಮ್ಮ ಅಪ್ಪನ ಕಾಲೇಜು ನಡೆಯುತ್ತದೆ, ಇಲ್ಲದಿದ್ದರೆ ಅವನು ಓದು ಬಿಟ್ಟು ಕೆಲಸ ಹುಡುಕಬೇಕು. ಒಂದು ವ್ಯಾನಿಗೆ ಆಗುವಷ್ಟು ದುಡ್ಡು ಹೇಗೋ ಕೂಡಿತ್ತು. ವ್ಯಾನಿನ ಮೇಲೆ ಶೋರೂಮಿನವರು ಹೇರುವ ಸಾಮಾನಿಗೆ ಆಗುವಷ್ಟು ಇರಲಿಲ್ಲ.

ಚೌಕಾಸಿ ಮಾಡಬೇಕಾದವಳು ಯಾರು? ನಾನು! ಊರ ಶಾಲೆಯಲ್ಲಿ ಹಾಜರಿ ಕೂಗಿದರೆ ಬಾಯಿಂದ ಸ್ವರ ಬಾರದೆ ಕೈ ಎತ್ತುತ್ತಿದ್ದವಳು. ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ವಾಪಸು ನಡೆದವಳು. ಅದಕ್ಕೇ ಅತ್ತಿಗೆಯ ಕಾಲು ಹಿಡಿದೆ.

ಅವರ ಪ್ರತಾಪ ತಿಳಿಯಬೇಕಾದರೆ ಆಗಿನ ಶೋರೂಮು ಹೇಗಿತ್ತೆಂದು ಹೇಳಬೇಕು. ಕಾರಿನ ಗಾಜಿನ ಮೇಲೆ ಒಂದು ಬೆಲೆಚೀಟಿ ಇರುತ್ತಿತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು ನಮ್ಮನ್ನು ಒಳಗೆ ಕರೆಯಲು, ಸಣ್ಣ ಅಕ್ಷರದಲ್ಲಿ ಬರೆದದ್ದು ನಮ್ಮನ್ನು ಮುಗಿಸಲು. ವಿಮೆ ಬೇರೆ, ನೋಂದಣಿ ಬೇರೆ, ಜಕಾತಿ ಬೇರೆ. ಕಾರನ್ನು ಗೋಡೌನಿನಿಂದ ಶೋರೂಮಿಗೆ ತಂದ ಕೂಲಿಯೂ ನಮ್ಮದೇ. ಆಮೇಲೆ ಕಾಲಡಿಯ ಮ್ಯಾಟು, ಸೀಟಿನ ಕವರು, ಮಿರಿಮಿರಿ ಮಿಂಚುವ ಪಾಲಿಶು. ಬೇಡ ಎಂದರೆ, 'ಹಾಗಾದರೆ ಗಾಡಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು' ಎಂದು ಬಹಳ ಬೇಸರದಿಂದ ಹೇಳುತ್ತಿದ್ದರು.

ಅತ್ತಿಗೆ ಒಳಗೆ ಕಾಲಿಟ್ಟ ಕೂಡಲೇ ಆ ಚೀಟಿಯನ್ನು ಕಿತ್ತು ಮೇಜಿನ ಮೇಲೆ ಮಗುಚಿಡುತ್ತಿದ್ದರು. ಅದು ಕಣ್ಣಿಗೆ ಬೀಳುವಷ್ಟು ಹೊತ್ತು ಅವರು ವ್ಯಾಪಾರದ ಮಾತೇ ಆಡುತ್ತಿರಲಿಲ್ಲ. ಸೇಲ್ಸ್‌ನವನು ಮೇಲಿನ ಖರ್ಚುಗಳನ್ನು ಒಂದೊಂದಾಗಿ ಓದಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳಿ, ಕೊನೆಗೆ, "ಚಕ್ರ ಇದರಲ್ಲೇ ಬರ್ತದಾ, ಅದೂ ಬೇರೆಯಾ?" ಎನ್ನುತ್ತಿದ್ದರು.

ಆಮೇಲೆ ಕಾರಿನ ಪರೀಕ್ಷೆ. ಅತ್ತಿಗೆಗೆ ಇಂಜಿನ್ನಿನ ಗಂಧಗಾಳಿ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮೀನು. ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆಯೇ ಬಾನೆಟ್ ಎತ್ತಿಸಿ, ಬಗ್ಗಿ, ಒಳಗೆ ಇಣುಕಿ, ಮೂಗು ಮುರಿದು, ತಲೆ ಅಲ್ಲಾಡಿಸಿ ಮುಚ್ಚುತ್ತಿದ್ದರು. ಇವರು ಏನು ಕಂಡರೋ ಎಂದು ಸೇಲ್ಸ್‌ನವನ ಜೀವ ಅಲ್ಲೇ ಅರ್ಧವಾಗುತ್ತಿತ್ತು.

ಒಮ್ಮೆ ವರ್ತಕ ನಗರದಲ್ಲಿದ್ದ ಮೈಸೂರಿನ ಬ್ಯಾಂಕಿನವರೊಬ್ಬರಿಗೆ ಕಾರು ಕೊಡಿಸಲು ಹೋಗಿದ್ದರು. ಆ ಮನುಷ್ಯ ಎಷ್ಟು ಮರ್ಯಾದಸ್ಥರೆಂದರೆ ಬೆಲೆ ಕೇಳಿ ಥ್ಯಾಂಕ್ಸ್ ಹೇಳಿದರಂತೆ. ಸೇಲ್ಸ್‌ನವನು ಎಲ್ಲರಂತೆ, 'ಮ್ಯಾನೇಜರನ್ನು ಕೇಳಿ ಬರುತ್ತೇನೆ' ಎಂದು ಒಳಕೋಣೆಗೆ ಹೋದ, ಹ್ಯಾಪುಮೋರೆ ಹಾಕಿಕೊಂಡು ಬಂದ, ಸಾಹೇಬರು ಒಪ್ಪಲಿಲ್ಲ ಎಂದ. ಮತ್ತೆ ಹೋದ, ಮತ್ತೆ ಅದೇ ಮೋರೆ. ಮುಂದಿನ ಸಲ ಹೋದಾಗ ಅತ್ತಿಗೆ ಅವನ ಬೆನ್ನಿಗೇ ಒಳಗೆ ನುಗ್ಗಿದರು. ನೋಡಿದರೆ ಮ್ಯಾನೇಜರೇ ಇಲ್ಲ! ಖಾಲಿ ಕುರ್ಚಿ, ಗೋಡೆಗೆ ಒಂದು ಕ್ಯಾಲೆಂಡರು, ಫ್ಯಾನಿನ ಕೆಳಗೆ ಬೆವರು ಆರಿಸಿಕೊಳ್ಳುತ್ತ ನಿಂತ ಇವನು. ಅತ್ತಿಗೆ ಹೋಗಿ ಆ ಕುರ್ಚಿಯಲ್ಲಿ ಕುಳಿತು, "ನಾನು ಒಪ್ಪಿದೆ ಮಾರಾಯ. ಹೊರಗೆ ಹೋಗಿ ಹೇಳು," ಎಂದರಂತೆ. ಬ್ಯಾಂಕಿನವರು ಅವರಿಗೂ ಥ್ಯಾಂಕ್ಸ್ ಹೇಳಿದರು.

ಇಂಥವರನ್ನು ಕರೆದುಕೊಂಡು ನಾನು ಮಾಜಿವಾಡಾದ ಶೋರೂಮಿಗೆ ಹೋದೆ. ನಿಮ್ಮ ಅಪ್ಪನಿಗೆ ಆ ದಿನ ಪರೀಕ್ಷೆ ಇದ್ದದ್ದರಿಂದ ನಾವಿಬ್ಬರೇ. ಒಳಗೆ ಕುಳಿತೆವು. ಚಹಾ ಬಂತು. ಅತ್ತಿಗೆ ಬೆಲೆಚೀಟಿ ಮಗುಚಿದರು. ಎಲ್ಲವೂ ಕ್ರಮಪ್ರಕಾರ ನಡೆದಿತ್ತು. ಆಮೇಲೆ ಎದ್ದು, ವ್ಯಾನಿನ ಮುಂದೆ ನಿಂತು, ಬಾನೆಟ್ ಎತ್ತಲು ಹೇಳಿದರು.

ಆ ವ್ಯಾನಿಗೆ ಬಾನೆಟ್ಟೇ ಇರಲಿಲ್ಲ! ಮುಂದೆ ಚಪ್ಪಟೆ ಮೂತಿ. ಅತ್ತಿಗೆ ಕೈಯಿಂದ ತಡವಿ ನೋಡಿದರು. ಹಿಂದಕ್ಕೆ ಹೋಗಿ ಬಾಗಿಲು ತೆಗೆಸಿದರು. ಅಲ್ಲಿ ಒಂದು ಟಯರು ಮಲಗಿತ್ತು. ಆಗ ಅವರು ಇಡೀ ಶೋರೂಮಿಗೆ ಕೇಳುವಂತೆ ತಮ್ಮ ಅರ್ಧ ತುಳು, ಅರ್ಧ ಮರಾಠಿಯಲ್ಲಿ, ಇಂಜಿನ್ನೇ ಇಲ್ಲದ ಗಾಡಿ ಮಾರುತ್ತೀರಾ, ವಿಧವೆ ಎಂದು ಮೋಸ ಮಾಡುತ್ತೀರಾ ಎಂದು ಗುಡುಗಿದರು.

"ಮಾವಶಿ, ಇಂಜಿನ್ ಸೀಟಿನ ಕೆಳಗಿದೆ," ಎಂದ ಸೇಲ್ಸ್‌ನವನು. ಹೇಳಿ ನಕ್ಕ. ಪಕ್ಕದ ಮೇಜಿನವನೂ ನಕ್ಕ. ಚಹಾ ಕೊಟ್ಟವನು, ಬಾಗಿಲ ವಾಚ್‌ಮನ್, ಎಷ್ಟು ವರ್ಷದಿಂದ ಇವರಿಗೆ ಹೆದರಿದ್ದರೋ, ಎಲ್ಲರೂ ಬಾಕಿ ಉಳಿಸದೆ ನಕ್ಕರು. ಅತ್ತಿಗೆ ಮೆಲ್ಲನೆ ಬಂದು ನನ್ನ ಪಕ್ಕ ಕುಳಿತರು. ಅವರ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲೇ.

ಸೇಲ್ಸ್‌ನವನಿಗೆ ಈಗ ರೆಕ್ಕೆ ಬಂತು. ಚೀಟಿಯನ್ನು ಮತ್ತೆ ನೆಟ್ಟಗಿಟ್ಟು, ಸೀಟ್ ಕವರು, ಪಾಲಿಶು, ಹಾಡಿನ ಯಂತ್ರ ಎಲ್ಲವನ್ನೂ ಸೇರಿಸಿ ಒಂದು ಮೊತ್ತ ಹೇಳಿದ. ಐರೋಲಿಯ ಊಟ ನನ್ನ ಕೈತಪ್ಪಿ ಹೋಗುತ್ತಿರುವುದು ನನಗೆ ಕಾಣಿಸಿತು. ಗಂಟಲು ಸರಿಮಾಡಿಕೊಂಡು, ನನಗೆ ಬಂದ ಮರಾಠಿಯಲ್ಲಿ ಹೇಳಿದೆ: "ಇದರಲ್ಲಿ ಹೋಗುವುದು ಅನ್ನ, ಸಾರು. ಸಾರು ಹಾಡು ಕೇಳುವುದಿಲ್ಲ. ಗಾಡಿ ಮಾತ್ರ ಕೊಡಿ."

ಅವನು ಸ್ವಲ್ಪ ಇಳಿಸಿದ. ನಾನು ಏನೂ ಹೇಳಲಿಲ್ಲ. ಜಂಬ ಎಂದುಕೊಳ್ಳಬೇಡಿ, ಮುಂದಿನ ವಾಕ್ಯಕ್ಕೆ ಮರಾಠಿ ಹುಡುಕುತ್ತಿದ್ದೆ! ಅವನು ಕಾದ. ಪಾಲಿಶು ಬಿಟ್ಟ. ನಾನು ಇನ್ನೂ ಹುಡುಕುತ್ತಲೇ ಇದ್ದೆ. ಹಾಡಿನ ಯಂತ್ರ ಬಿಟ್ಟ, ಮ್ಯಾನೇಜರನ್ನು ಕೇಳಿ ಬಂದ, ಸೀಟ್ ಕವರು ಬಿಟ್ಟ. ಪಾಪ, ಬೈದವರಿಗೆ, ಬೇಡಿದವರಿಗೆ, ಎದ್ದು ಹೋದವರಿಗೆ ಏನು ಹೇಳಬೇಕೆಂದು ಅವನಿಗೆ ಕಲಿಸಿದ್ದರು. ಸುಮ್ಮನೆ ಕುಳಿತವರಿಗೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಠಾಣೆ ಜಿಲ್ಲೆಯಲ್ಲಿ ಯಾರಿದ್ದರು? ಕೊನೆಗೆ ಅವನೇ ಸೋತು, "ತಾಯಿ, ಎಷ್ಟು ಕೊಡ್ತೀರೋ ನೀವೇ ಹೇಳಿ," ಎಂದ. ಹೇಳಿದೆ. ಒಂದನೇ ತಾರೀಕಿಗೆ ಮೊದಲೇ ಗಾಡಿ ಬೇಕು ಎಂದೂ ಹೇಳಿದೆ. ಬಂತು. ನಿಮ್ಮ ಅಪ್ಪ ಕಾಲೇಜಿಗೆ ಮೊದಲು ಡಬ್ಬಿಗಳನ್ನು ಐರೋಲಿಗೆ ಮುಟ್ಟಿಸಿ, ಸಾರಿನ ವಾಸನೆ ಹೊತ್ತುಕೊಂಡು ಕ್ಲಾಸಿಗೆ ಹೋಗಿ, ಡಿಗ್ರಿ ಮುಗಿಸಿದ.

ಒಂದು ಸಂಗತಿ ಮಾತ್ರ ಇಷ್ಟು ಹೊತ್ತು ಹೇಳಿಲ್ಲ. ಶೋರೂಮಿನಲ್ಲಿ ಕುಳಿತ ಕೂಡಲೇ, ಚಹಾ ಬರುವ ಮೊದಲೇ, ಯಾರೂ ನಗುವ ಮೊದಲೇ, ಅತ್ತಿಗೆ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಧೈರ್ಯ ಕೊಡಲು ಎಂದುಕೊಂಡೆ. ಆದರೆ ಆ ಕೈ ತಣ್ಣಗಿತ್ತು, ನಡುಗುತ್ತಿತ್ತು. ಮೇಲೆ ಬಾಯಿ ಸೇಲ್ಸ್‌ನವನನ್ನು ಗದರಿಸುತ್ತಿದೆ, ಕೆಳಗೆ ಕೈ ನಡುಗುತ್ತಿದೆ! ಅಷ್ಟು ಜನರಿಗಾಗಿ ಕುಳಿತ ಅಷ್ಟೂ ಮೇಜುಗಳ ಕೆಳಗೆ ಅದು ಹೀಗೇ ನಡುಗಿತ್ತೇ? ಹೊರಗೆ ಬಂದು ರಿಕ್ಷಾ ಕಾಯುತ್ತ ನಿಂತಾಗ ಅದನ್ನೇ ಕೇಳಿದೆ.

"ಪ್ರತಿ ಸಲವೂ," ಎಂದರು. "ಹಿಡ್ಕೊಳ್ಳಲಿಕ್ಕೆ ಒಂದು ಕೈ ಸಿಕ್ಕಿದ್ದು ಇವತ್ತು."

ಆಮೇಲೆ, ಯಾರಿಗೂ ಹೇಳಬೇಡ ಎಂದರು. ಅವರಿರುವವರೆಗೆ ನಾನು ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನಾಳೆ ನೀವೂ ಕೆಲಸಕ್ಕೋ ಸಂಬಳಕ್ಕೋ ಯಾರದೋ ಮೇಜಿನ ಎದುರು ಕೂರುತ್ತೀರಿ, ಕೈ ನಡುಗುತ್ತದೆ. ನಡುಗಲಿ, ನೀವು ಕೂತೇ ಇರಿ. ಕನ್ನಡ ಓದುವಾಗ ನೀವು ತಡವರಿಸುತ್ತೀರಿ ಎಂದು ಗೊತ್ತು. ತಡವರಿಸಿದರೂ ಅಪ್ಪನ ಹತ್ತಿರ ಓದಿಸಬೇಡಿ, ನೀವೇ ಓದಿ. ಓದಿದ ಮೇಲೆ ರದ್ದಿಯವನಿಗೆ ಹಾಕದೆ ಈ ಹಾಳೆಗಳನ್ನು ಜೋಪಾನವಾಗಿಡಿ.