ಅಂಗೈಗುಡ್ಡದ ಸರ್ವೆ

...ಅಥವಾ ಆ ಪುಟ್ಟ ಮನುಷ್ಯನ ತಲೆಯ ಮೇಲೆ ಕೆಂಪು ಟೋಪಿ ಇತ್ತೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಇರಲು ಸಾಧ್ಯವಿಲ್ಲ. ಆ ಕಾಲದ ಆಟದ ಡಬ್ಬಿಗಳಲ್ಲಿ ಬಣ್ಣ ಎಲ್ಲಿಂದ ಬರಬೇಕು? ಡಿಜಿಟಲ್ ಕೈಗಡಿಯಾರದ ಅಂಕಿಗಳ ಹಾಗೆ ಬೂದಿಬಣ್ಣದ ಗಾಜಿನ ಮೇಲೆ ಕಪ್ಪು ನೆರಳು ಮೂಡುತ್ತಿತ್ತು, ಮಾಯವಾಗುತ್ತಿತ್ತು, ಅಷ್ಟೇ. ಆದರೂ ಕಣ್ಣು ಮುಚ್ಚಿದರೆ ಟೋಪಿ ಕೆಂಪಗೇ ಕಾಣುತ್ತದೆ. ಹೆಂಡತಿ ಗಿರಿಜಾಳನ್ನು ಕೇಳಿದೆ. "ಟೋಪಿ ಎಲ್ಲಿತ್ರೀ? ಅವಗ ತಲೀನ ಇರಲಿಲ್ಲ. ಒಂದು ಚುಕ್ಕಿ ಇತ್ತು ನೋಡ್ರಿ" ಎಂದಳು. ನೆನಪಿನ ವಿಷಯದಲ್ಲಿ ನಾನು ಬಹಳ ಪ್ರಾಮಾಣಿಕ ಎಂದು ಹೇಳಿಕೊಂಡು ತಿರುಗುವವನು. ಹಾಗೆ ಹೇಳಿಕೊಂಡು ತಿರುಗುವವರನ್ನು ನಂಬಬಾರದು ಎಂಬುದೂ ನನಗೆ ಗೊತ್ತು. ಆದ್ದರಿಂದ ಮುಂದೆ ಹೇಳುವುದರಲ್ಲಿ ಟೋಪಿಯನ್ನು ಬಿಟ್ಟು ಮಿಕ್ಕದ್ದನ್ನೂ ನೀವು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳುವುದು ಒಳ್ಳೆಯದು.

ಎಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಬಾಡಿಗೆ ಮನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ನೋಡುವ ಗುಮಾಸ್ತ. ಸಿರುಗುಪ್ಪಕ್ಕೆ ಹೋಗಬೇಕಾದ ಕಾಗದ ಕುರುಗೋಡಿಗೆ, ಕುರುಗೋಡಿನದು ಸಿರುಗುಪ್ಪಕ್ಕೆ ಹೋಗುವುದು ನನ್ನ ಕಾಲದಲ್ಲಿ ಹೆಚ್ಚುಕಡಿಮೆ ಪದ್ಧತಿಯೇ ಆಗಿಬಿಟ್ಟಿತ್ತು. ಅದಕ್ಕಾಗಿ ದಿನವೂ ಬೈಸಿಕೊಂಡು ಮನೆಗೆ ಬಂದು, ಬೈದವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಗೋಡೆಗೆ ಹೇಳುತ್ತಿದ್ದೆ. ಮದ್ರಾಸಿನಲ್ಲಿ ನೌಕರಿಗಿದ್ದ ನನ್ನ ತಮ್ಮ ಇದನ್ನು ಒಮ್ಮೆ ನೋಡಿದ. ಮುಂದಿನ ಸಲ ಬರುವಾಗ ಬಂದರಿನ ಬಳಿಯ ಫಾರಿನ್ ಸಾಮಾನಿನ ಅಂಗಡಿಯಿಂದ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ವಿಡಿಯೋ ಗೇಮ್ ತಂದುಕೊಟ್ಟ. "ಅಣ್ಣಾ, ಗ್ವಾಡಿ ಜೋಡಿ ಮಾತಾಡಬ್ಯಾಡ. ಇದನ್ನ ಹಿಡಿ, ತಲಿ ತಣ್ಣಗಾಗ್ತತಿ."

ನಿಜಕ್ಕೂ ತಣ್ಣಗಾಯಿತು. ಅದರಲ್ಲಿ ಒಂದು ಗುಡ್ಡ, ಒಬ್ಬ ಮನುಷ್ಯ. ಎಡಗಡೆಯ ಎರಡು ಗುಂಡಿ ಒತ್ತಿದರೆ ಅವನು ಆಚೀಚೆ ನಡೆಯುತ್ತಿದ್ದ. ಬಲಗಡೆಯ ಒಂದು ಗುಂಡಿ ಒತ್ತಿದರೆ ಮೇಲೆ ಹತ್ತುತ್ತಿದ್ದ. ಗುಡ್ಡಕ್ಕೆ ಐದು ಮೆಟ್ಟಿಲುಬಂಡೆಗಳು. ದಾರಿಯಲ್ಲಿ ಒಂದು ಗವಿ, ಒಂದು ಒಣಮರ, ಸುಮ್ಮನೆ ನಿಂತಿರುವ ಒಂದು ಆಡು. ಹೊಡೆದಾಟವಿಲ್ಲ, ಸಾವಿಲ್ಲ. ಕಾಲು ಜಾರಿದರೆ ಅವನು ಬುಡಕ್ಕೆ ಬಂದು ಕೂತು ಸ್ವಲ್ಪ ಹೊತ್ತು ಯೋಚಿಸುತ್ತಿದ್ದ; ಮತ್ತೆ ಏಳುತ್ತಿದ್ದ. ಅವನನ್ನು ಯಾರೂ ಬೈಯುತ್ತಿರಲಿಲ್ಲ. ಎಲ್ಲ ಸೇರಿ ಐದಾರು ನಿಮಿಷದ ಆಟ. ನಾನು ನಾಲ್ಕನೆಯ ಬಂಡೆಯವರೆಗೆ ಹೋಗಿದ್ದೆ. ತುದಿಯಲ್ಲಿ ಏನೋ ಇದೆ ಎಂದು ತಮ್ಮ ಹೇಳಿದ್ದ; ಅವನೂ ನೋಡಿರಲಿಲ್ಲ. ಮನೆಯಿಂದ ಹೊರಗೆ ಬಂದರೆ ಊರಿನ ನಡುವೆ ನಿಜವಾದ ಬಂಡೆಗುಡ್ಡವೊಂದು ಕೋಟೆ ಹೊತ್ತುಕೊಂಡು ಕೂತಿದೆ. ಹದಿನಾಲ್ಕು ವರ್ಷ ಅದರ ನೆರಳಿನಲ್ಲಿ ಓಡಾಡಿಯೂ ನಾನು ಅದನ್ನು ಹತ್ತಿರಲಿಲ್ಲ ಎಂಬುದನ್ನು ಗಿರಿಜಾ ಆಗಾಗ ನೆನಪಿಸುತ್ತಿದ್ದಳು.

ಹೀಗೆ ನನ್ನ ತಲೆ ತಣ್ಣಗಿದ್ದ ಕಾಲದಲ್ಲಿ ಮಾವನವರು ಕುರುಗೋಡಿನಿಂದ ನಮ್ಮ ಮನೆಗೆ ಬಂದರು. ಬಂದರು ಎನ್ನುವುದಕ್ಕಿಂತ ಗಿರಿಜಾ ಹೋಗಿ ಕರೆತಂದಳು. ಅವರಿಗೆ ಲಕ್ವ ಹೊಡೆದಿತ್ತು. ಮಾತು, ಕಾಲು ಮರಳಿ ಬಂದಿದ್ದವು. ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾವ ನಿವೃತ್ತ ಸರ್ವೇಯರ್. ಅವರು ಬರೆದ ನಕ್ಷೆಯನ್ನೂ ಅದರ ಕೆಳಗಿನ ಸಹಿಯನ್ನೂ ಹಳೆಯ ಕಚೇರಿಗಳಲ್ಲಿ ಈಗಲೂ ತೆಗೆದು ತೋರಿಸುತ್ತಾರಂತೆ. (ಇದನ್ನು ಹೇಳಿದವರು ಮಾವನೇ.) ನವೆಂಬರಿನಲ್ಲಿ ಅವರು ಪಿಂಚಣಿಗಾಗಿ ಖಜಾನೆಗೆ ಹೋಗಿ, ತಾನಿನ್ನೂ ಬದುಕಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಬೇಕಿತ್ತು. ಸಹಿ ಬರದಿದ್ದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದು ನಾನು ಕಚೇರಿಯವನ ಗತ್ತಿನಲ್ಲಿ ಹೇಳಿದೆ. ಮಾವ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ಮೂವತ್ತು ವರ್ಷ ಮಂದಿ ಹೆಬ್ಬೆಟ್ಟು ಹಿಡದು ಹಿಡದು ಒತ್ತಿಸೇನಿ. ಒತ್ತಿದ ಮ್ಯಾಲೆ ಅವ್ರು ಬಟ್ಟು ಎಲ್ಲಿ ಒರಸ್ತಾರ ಗೊತ್ತೇನ್ರಿ? ತಲಿಗೆ. ಮಸಿ ಹೋಗಲಂತಲ್ಲ, ನಾಚಿಕಿಗೆ. ನಾ ಒತ್ತಂಗಿಲ್ಲ. ಸತ್ತೀನಂತ ಬರ್ಕೊಳ್ಳಿ ಬೇಕಾದ್ರ."

ಡಾಕ್ಟರು ಬೆರಳಿಗೆ ಕೆಲಸ ಕೊಡಿ ಎಂದರು. ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ ಮಾವ ಅದನ್ನು ಕಿಟಕಿಯಿಂದ ಹೊರಗೆ ಹಾಕಿದರು. ಆಗ ಗಿರಿಜಾ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಗುಡ್ಡವನ್ನು ಅವರ ಕೈಗಿಟ್ಟಳು. "ಯಪ್ಪಾ, ಬಲಗೈ ಹೆಬ್ಬೆಟ್ಟಿಲೆ ಈ ಗುಂಡಿ ಒತ್ತು. ಮನಶ್ಯಾ ಗುಡ್ಡ ಹತ್ತತಾನ."

ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಒತ್ತಲಿಲ್ಲ. "ಹತ್ತಸೋದು ಆಮ್ಯಾಲಿಂದು. ಮೊದಲ ಬುಡ ಅಳೀಬೇಕು. ಗಡಿ ತೋರ್ಸೋ ಬಾಂದು ಕಲ್ಲು ಎಲ್ಲೈತಿ?" ಎಂದರು.

ಇಲ್ಲಿ ಮಾವನ ವೃತ್ತಿಯ ಒಂದು ಗುಟ್ಟು ಹೇಳಬೇಕು. ಕುರುಗೋಡಿನ ಬಂಡೆಸಾಲು, ತುಂಗಭದ್ರೆಯ ದಂಡೆಯ ಕೆಂಚನಗುಡ್ಡ, ಹೀಗೆ ಸುತ್ತಲಿನ ಎತ್ತರವನ್ನೆಲ್ಲ ಅವರು ಅಳೆದಿದ್ದರು. ಯಾವುದನ್ನೂ ಹತ್ತಿರಲಿಲ್ಲ. ಹತ್ತುವುದು ಅಳತೆಯ ಸರಪಳಿ ಹಿಡಿಯುವವನ ಕೆಲಸ. ಅವನು ಬಾವುಟ ಹೊತ್ತು ಮೇಲೆ ಹೋಗಿ ನಿಲ್ಲುತ್ತಾನೆ. ಸರ್ವೇಯರ್ ಕೆಳಗೆ ಮೂರು ಕಾಲಿನ ಹಲಗೆಯ ಮುಂದೆ ನಿಂತು ಗೆರೆ ಎಳೆಯುತ್ತಾನೆ. ಸಾಹೇಬರು ತಾವೇ ಹತ್ತಿದರೆ ಬರೆಯುವವರು ಯಾರು? ಈ ಕಾರಣಕ್ಕೆ ಎರಡು ದಿನ ಆಟ ಶುರುವಾಗಲೇ ಇಲ್ಲ. ಮೂರನೆಯ ದಿನ ಅವರ ಹಳೆಯ ಸರಪಳಿಯವನಾದ ಮಾರೆಪ್ಪ, ಅವನೂ ನಿವೃತ್ತನೇ, ಸಾಹೇಬರನ್ನು ಮಾತಾಡಿಸಲು ಬಾದನಹಟ್ಟಿಯಿಂದ ಬಂದ. ಮಾವನ ಮುಖ ಅರಳಿತು. ಡಬ್ಬಿಯನ್ನು ಅವನ ಕೈಗೆ ಕೊಟ್ಟರು. "ಮಾರೆಪ್ಪ, ಏರಲೇ."

ಮಾರೆಪ್ಪ ಏನು, ಎತ್ತ ಎಂದು ಕೇಳಲಿಲ್ಲ. ಮೂವತ್ತು ವರ್ಷ ಕೇಳಿರಲಿಲ್ಲ. ಚಪ್ಪಲಿ ಕಳಚಿಟ್ಟು, ಗೋಡೆಗೆ ಒರಗಿ ಕೂತು ಒತ್ತತೊಡಗಿದ. ಅವರ ಇಲಾಖೆಯಲ್ಲಿ ಮದ್ರಾಸ್ ಸರ್ಕಾರದ ದಿನಗಳಿಂದ ಸರಪಳಿಯ ಎಣಿಕೆ ತೆಲುಗಿನಲ್ಲೇ ನಡೆದುಬಂದಿತ್ತು; ಮಾರೆಪ್ಪ ಒಂದೊಂದು ಹೆಜ್ಜೆಗೂ "ಒಕಟಿ... ರೆಂಡು... ಮೂಡು" ಎಂದು ರಾಗವಾಗಿ ಕೂಗುತ್ತಿದ್ದ.

"ಆಡು ಬಂತ್ರಿ ಸಾಹೇಬ್ರ."

"ಯಾರದಲೇ ಆಡು?"

"ಗೊತ್ತಿಲ್ರಿ. ಕಾಯೋರು ಯಾರೂ ಕಾಣವಲ್ರು."

"ಹಂಗಾರ ಸರ್ಕಾರಿ ಗುಡ್ಡ. ಬರ್ಕೋತೀನಿ. ಗವಿ ಒಳಗ ಹೋಗು."

"ಕತ್ತಲೈತ್ರಿ."

"ಹೋಗಲೇ! ಕೆಂಚನಗುಡ್ಡದಾಗ ಹಿಂಗ ಹೇಳಿ ಹೊರಗ ಕುಂತು ಬೀಡಿ ಸೇದಿದ್ದಿ, ಮರತೀನಂತ ತಿಳಕೊಂಡಿ?"

"ಅಲ್ಲಿ ಹಾವಿತ್ರಿ, ಸಾಹೇಬ್ರ."

"ಇಲ್ಲಿ ಇಲ್ಲ. ಹೋಗು."

ಬೆರಳಿಗೆ ವ್ಯಾಯಾಮವಾಗಲೆಂದು ತಂದಿಟ್ಟ ಆಟದಿಂದ ಹೀಗೆ ಮಾರೆಪ್ಪನ ಆರೋಗ್ಯವಂತ ಬೆರಳುಗಳಿಗೆ ಭರ್ಜರಿ ವ್ಯಾಯಾಮವಾಯಿತು. ಅವನು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರತೊಡಗಿದ. ಗಿರಿಜಾ ಹಣೆ ಚಚ್ಚಿಕೊಂಡಳು. "ಯಪ್ಪಾ, ಕೈ ನಿಂದು ಬಿದ್ದೈತಿ, ಮಾರೆಪ್ಪಂದಲ್ಲ!" ಎಂದರೆ ಮಾವ, "ನೀ ಸುಮ್ನಿರವ್ವಾ, ಮೂರನೇ ಬಂಡಿ ತನಕ ಬಂದೈತಿ" ಎನ್ನುತ್ತಿದ್ದರು. ಅವರ ಮುಂದೆ ಒಂದು ನೋಟುಪುಸ್ತಕ. ಅದರಲ್ಲಿ ಆ ಗುಡ್ಡದ ನಕ್ಷೆ ದಿನದಿನಕ್ಕೆ ಬೆಳೆಯುತ್ತಿತ್ತು: ಬಂಡೆಗಳಿಗೆ ಅಂಕಿ, ಒಣಮರಕ್ಕೆ ಗುರುತು, ಆಡಿಗೂ ಒಂದು ಗುರುತು.

ಯಾವ ಕೈಯಿಂದ ಬರೆಯುತ್ತಿದ್ದರು? ನನ್ನ ನೆನಪಿನಲ್ಲಿ ಬಲಗೈಯಿಂದ: ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಕಚ್ಚಿಕೊಂಡು. ಗಿರಿಜಾ ಎಡಗೈ ಎನ್ನುತ್ತಾಳೆ. ನೋಟುಪುಸ್ತಕ ಈಗಲೂ ನಮ್ಮಲ್ಲಿದೆ; ಗೆರೆಗಳು ನಡುಗಿವೆ. ಅಭ್ಯಾಸವಿಲ್ಲದ ಎಡಗೈಯೂ ನಡುಗುತ್ತದೆ, ಪೆಟ್ಟು ತಿಂದ ಬಲಗೈಯೂ ನಡುಗುತ್ತದೆ. ಗೆರೆ ನೋಡಿ ಕೈ ಹೇಳುವ ವಿದ್ಯೆ ನನಗೆ ತಿಳಿಯದು. ಬಲಗೈ ಆಗಿದ್ದರೆ ಈ ಪ್ರಬಂಧಕ್ಕೆ ಒಳ್ಳೆಯದು ಎಂಬುದು ನನಗೆ ಗೊತ್ತಿರುವುದರಿಂದ, ನನ್ನ ನೆನಪಿನ ಮೇಲೆ ಅನುಮಾನ ಇನ್ನೂ ಹೆಚ್ಚುತ್ತದೆ.

ಇತ್ತ ನನ್ನ ಸ್ಥಿತಿ ಕೇಳಬೇಡಿ. ಕಚೇರಿಯಿಂದ ಬಿಸಿ ತಲೆ ಹೊತ್ತು ಬಂದರೆ ನನ್ನ ಗುಡ್ಡದಲ್ಲಿ ಸರ್ವೆ ನಡೆಯುತ್ತಿರುತ್ತಿತ್ತು. ಮಗ್ಗುಲಲ್ಲಿ ಕೂತು ಬಗ್ಗಿ ನೋಡಿದರೆ "ಬೆಳಕಿಗೆ ಅಡ್ಡ ಬರಬ್ಯಾಡ್ರಿ" ಎನ್ನುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆದ್ದಾಗ ಕಳ್ಳನಂತೆ ಡಬ್ಬಿ ತೆಗೆದುಕೊಂಡು ಎರಡು ಸಲ ಒತ್ತಿದೆ. ಮೂರನೆಯ ಬಂಡೆಯ ಮೇಲೆ ಕಾಯುತ್ತಿದ್ದ ಮನುಷ್ಯ ಸರ್ರನೆ ಜಾರಿ ಬುಡಕ್ಕೆ ಬಂದು ಯೋಚಿಸುತ್ತ ಕೂತ. ಮಾರೆಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿಬಿಟ್ಟ. "ಅಯ್ಯಯ್ಯ, ಮುಂಜಾನಿಂದ ಹತ್ತೀನ್ರಿ ಸಾಮೀ!" ಮಾವ ಸಂಜೆ ಮಗಳಿಗೆ ಹೇಳಿದರಂತೆ: "ಗಡಿ ಕಲ್ಲು ಕಿತ್ತೋರ್ನ ನಾ ಭಾಳ ಮಂದಿ ನೋಡೀನಿ. ನಮ್ಮ ಮನ್ಯಾಗ ಒಬ್ಬ ಅದಾನಂತ ಅನಕೊಂಡಿದ್ದಿಲ್ಲ." ಆ ರಾತ್ರಿ ನಾನು ಮತ್ತೆ ಗೋಡೆಯೊಂದಿಗೆ ಮಾತಾಡಿದೆ.

ನವೆಂಬರ್ ಬಂತು. ಖಜಾನೆಗೆ ಹೋಗುವ ದಿನ ಮಾರೆಪ್ಪ ಬರಲಿಲ್ಲ. ಅವನ ಮನೆಯಲ್ಲಿ ಏನೋ ಕೆಲಸ. ರಿಕ್ಷಾದಲ್ಲಿ ನಾನೇ ಕರೆದುಕೊಂಡು ಹೋದೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಜೇಬಿನಲ್ಲಿ ತಮ್ಮ ಹಳೆಯ ಪೆನ್ನು, ಇನ್ನೊಂದು ಜೇಬಿನಲ್ಲಿ ಡಬ್ಬಿ. ಹಿಂದಿನ ರಾತ್ರಿ ಗಿರಿಜಾ ಒಂದು ಹಾಳೆ ಕೊಟ್ಟು ಸಹಿ ಹಾಕಿ ತೋರಿಸು ಎಂದಿದ್ದಳು. ಅವರು ಹಾಳೆಯನ್ನು ಮಡಚಿ ದಿಂಬಿನ ಕೆಳಗಿಟ್ಟು ಮಲಗಿದ್ದರು. ಬೆಳಿಗ್ಗೆ ಹಾಳೆ ಅಲ್ಲಿರಲಿಲ್ಲ. ಅವಳು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, "ಕೈ ಹಿಡಕೊಂಡು ಬಾಜೂಕ ನಿಂತ್ಕೋರಿ. ಹೆಬ್ಬೆಟ್ಟು ಒತ್ತಂತ ಯಾರರ ಅಂದ್ರ ಅಪ್ಪ ಎದ್ದು ಬಂದ್ಬಿಡ್ತಾನ" ಎಂದು ಎರಡು ಸಲ ಹೇಳಿದ್ದಳು.

ಖಜಾನೆಯ ಪಡಸಾಲೆಯಲ್ಲಿ ಬೆಂಚು. ಹೆಸರು ಕೂಗುವವರೆಗೆ ಮಾವ ಡಬ್ಬಿ ತೆಗೆದು ಏನೋ ಒತ್ತುತ್ತಿದ್ದರು. ಯಾವ ಕೈ ಎಂದು ನಾನು ಗಮನಿಸಲಿಲ್ಲ. ನನ್ನ ಗಮನವೆಲ್ಲ ಗಾಜಿನ ಮೇಲಿತ್ತು. ಆ ಮನುಷ್ಯ ಐದನೆಯ ಬಂಡೆಯ ಮೇಲೆ ನಿಂತಿದ್ದ! ಕೂಗು ಬಂತು. ನಾನು ಕೈ ಹಿಡಿಯಲು ಹೋದರೆ ಕೊಡವಿದರು. "ನಾ ಒಬ್ಬನ ಹೋಗ್ತೀನಿ. ನೀವು ಇದನ್ನ ಹಿಡೀರಿ. ಇನ್ನ ಎಲ್ಡ ಹೆಜ್ಜಿ ಐತಿ. ಜಾರಿಸಬ್ಯಾಡ್ರಿ."

ಅಳಿಯನಾಗಿ ನಾನು ಮಾಡಬೇಕಾಗಿದ್ದದ್ದು ಅವರ ಹಿಂದೆ ಹೋಗುವುದು. ಹತ್ತು ಹೆಜ್ಜೆಯಾಚೆ ಕಿಟಕಿಯಿತ್ತು, ತೆರೆದೇ ಇತ್ತು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು. ಯಾರೋ ಏನೋ ಅಂದರು. ಮಾವ ಏನೋ ಉತ್ತರ ಕೊಟ್ಟರು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ನಾನು ಬೆಂಚಿನ ಮೇಲೆ ಬೆವರುತ್ತ ಒಂದು ಹೆಜ್ಜೆ ಹತ್ತಿಸಿದೆ. ಉಸಿರು ಹಿಡಿದು ಇನ್ನೊಂದು. ಡಬ್ಬಿ ಸಣ್ಣಗೆ ಒಂದು ರಾಗ ಹಾಡಿತು. ಅದೇ ಹೊತ್ತಿಗೆ ನನ್ನ ಮೇಲೆ ನೆರಳು ಬಿತ್ತು, ತಲೆಯೆತ್ತಿದರೆ ಮಾವ. ಮತ್ತೆ ತಲೆ ತಗ್ಗಿಸುವಷ್ಟರಲ್ಲಿ ಮನುಷ್ಯ ಬುಡದಲ್ಲಿ ಕೂತಿದ್ದ.

"ಆತೇನ್ರಿ ಮಾವ?"

"ಆತು. ನಿಮ್ದು?"

"ಆತ್ರಿ."

"ತುದ್ಯಾಗ ಏನಿತ್ತು?"

"ನೋಡ್ಲಿಲ್ರಿ. ನೀವು ಬಂದ್ರಿ."

ಅವರು "ಹ್ಞೂಂ" ಎಂದರು. ಬಲಗೈ ಜೇಬಿನಲ್ಲಿತ್ತು. ರಿಕ್ಷಾ ಹತ್ತುವಾಗಲೂ ಅಲ್ಲೇ ಇತ್ತು. ಮನೆಗೆ ಬಂದವರೇ ನೇರ ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಅವರು ಹೊರಗಿನಿಂದ ಬಂದಾಗಲೆಲ್ಲ ಹಾಗೆಯೇ ತೊಳೆಯುತ್ತಿದ್ದರು. ಗಿರಿಜಾ ನನ್ನನ್ನು ಅಡುಗೆಮನೆಗೆ ಎಳೆದು, "ಸಹಿ ಹಾಕಿದ್ನಾ?" ಎಂದಳು. ನಾನು "ಹ್ಞೂಂ, ಚಂದಾಗಿ ಹಾಕಿದ್ರು" ಎಂದೆ. ಅವಳು ಕಣ್ಣೊರೆಸಿಕೊಂಡಳು. ಮರುವಾರ ಮಾರೆಪ್ಪನಿಗೆ ಅವಳೇ ಹೇಳಿದಳು. ಮಾರೆಪ್ಪ ಬಾದನಹಟ್ಟಿಗೆಲ್ಲ ಹೇಳಿದ. ಮಾವ ಯಾರ ಮಾತನ್ನೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುಂದಿನ ನವೆಂಬರಿಗೆ ಅವರಿರಲಿಲ್ಲ.

ಈಗಲೂ ಮನೆಗೆ ಬಂದವರೆದುರು ಗಿರಿಜಾ ಆ ಸಹಿಯ ಕಥೆ ಹೇಳುತ್ತಾಳೆ. "ಇವ್ರು ಬಾಜೂಕ ನಿಂತು ನೋಡ್ಯಾರ" ಎಂದು ನನ್ನತ್ತ ಕೈ ತೋರಿಸುತ್ತಾಳೆ. ನಾನು ತಲೆಯಾಡಿಸುತ್ತೇನೆ. ಇತ್ತೀಚೆಗೆ ಒಂದೆರಡು ಸಲ ಆ ಸಹಿ ನನ್ನ ಕಣ್ಣಿಗೂ ಕಂಡಿದೆ, ಕೊನೆಯ ಅಕ್ಷರದ ಸುತ್ತು ಸಮೇತ. ನಾನು ಕಿಟಕಿಯ ಹತ್ತಿರ ಹೋಗಿರಲಿಲ್ಲ. ಅವರು ಸಹಿ ಹಾಕಿದರೋ, ಹೆಬ್ಬೆಟ್ಟು ಒತ್ತಿದರೋ, ನನಗೆ ಗೊತ್ತಿಲ್ಲ.